ಗ್ರಹಣದ ಲೆಕ್ಕ, ಕುಂಡಲಿಯ ಲೆಕ್ಕ

1980ರ ಫೆಬ್ರವರಿ 16, ಶನಿವಾರ. ಅರಬ್ಬಿ ಸಮುದ್ರವನ್ನು ದಾಟಿ ಬಂದ ಚಂದ್ರನ ನೆರಳು ಕಾರವಾರ-ಅಂಕೋಲೆಯ ತೀರದಲ್ಲಿ ನೆಲಕ್ಕೆ ತಾಗಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋದ ದಿನ. ಆಗ ನಾನು ಗದಗ ಸೀಮೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಮುಂಜಾನೆಯ ಶಾಲೆ ಮುಗಿದ ಮೇಲೆ ಮಧ್ಯಾಹ್ನ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನ ಬಿಂಬವನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿ ಮಕ್ಕಳಿಗೆ ತೋರಿಸಬೇಕೆಂದು ನಾನು ಸಿದ್ಧತೆ ಮಾಡಿಕೊಂಡಿದ್ದೆ. ಬಂದವರು ನಾಲ್ಕು ಹುಡುಗರು ಮಾತ್ರ. ಮೂರೂವರೆ ದಾಟಿದ ಮೇಲೆ ಹಗಲಿನಲ್ಲಿಯೇ ಕತ್ತಲಾಯಿತು. ಎರಡು ನಿಮಿಷಕ್ಕೂ ಮಿಕ್ಕಿ ಇದ್ದ ಆ ಕತ್ತಲೆಯನ್ನು ನಾನು ಇಂದಿಗೂ ಮರೆತಿಲ್ಲ.

ಆದರೆ ಈ ಬರೆಹ ಆ ಕತ್ತಲೆಯ ಕುರಿತಾದುದಲ್ಲ. ನನ್ನ ಸೋದರಮಾವಂದಿರು ಪೌರೋಹಿತ್ಯ ಮಾಡುತ್ತಿದ್ದವರು. ಅಚ್ಚಾದ ಪಂಚಾಂಗ ಮನೆಯಲ್ಲಿದ್ದರೂ ಅದನ್ನು ತೆರೆಯದೆ, ಗಣೇಶ ದೈವಜ್ಞನ 'ಗ್ರಹಲಾಘವ'ವನ್ನು ಹಿಡಿದು ತಾವೇ ಗ್ರಹಣದ ಗಣಿತ ಮಾಡುವ ಹಟ ಅವರದು. 1520ರ ಸುಮಾರಿಗೆ ಕೊಂಕಣ ತೀರದಲ್ಲಿ ರಚಿತವಾದ ಆ ಕರಣಗ್ರಂಥ, ಕೋಷ್ಟಕಗಳ ತೊಡಕನ್ನು ತಗ್ಗಿಸಿ ಕೂಡುವ-ಕಳೆಯುವ, ಗುಣಿಸುವ-ಭಾಗಿಸುವ ಲೆಕ್ಕದಲ್ಲಿಯೇ ಗ್ರಹಗಳ ಸ್ಥಾನವನ್ನು ಹೇಳಿಬಿಡುತ್ತದೆ. ಸ್ಪರ್ಶ, ಮಧ್ಯ, ಮೋಕ್ಷ ಎಂದು ಮೂರು ಕಾಲಗಳನ್ನು ಅವರು ವಾರದ ಮೊದಲೇ ಬರೆದಿಟ್ಟಿದ್ದರು. ನನ್ನ ಕೈಗಡಿಯಾರದ ಪ್ರಕಾರ ಸ್ಪರ್ಶಕಾಲ ಹನ್ನೊಂದು ನಿಮಿಷ ತಪ್ಪಿತ್ತು. ಐದು ನೂರು ವರ್ಷಗಳ ಹಿಂದಿನ ಸೂತ್ರಕ್ಕೆ ಅದು ಸಣ್ಣ ಸಾಧನೆಯೇನಲ್ಲ.

ಅಂದು ಸಂಜೆ ಮೋಕ್ಷಸ್ನಾನ ಮುಗಿದು ಎಲ್ಲರೂ ಊಟಕ್ಕೆ ಕುಳಿತಾಗ ಮಾವಂದಿರು ಹೆಮ್ಮೆಯಿಂದ, "ನೋಡಪಾ ಮಾಸ್ತರ, ಶಾಸ್ತ್ರ ಸುಳ್ಳಲ್ಲ" ಎಂದರು. ಬಡಿಸುತ್ತಿದ್ದ ನನ್ನ ಅಕ್ಕ ಅಲ್ಲಿಯೇ ನಿಂತಳು. ಅವಳ ಕುಂಡಲಿಯಲ್ಲಿ ಎಂಟನೆಯ ಮನೆಯಲ್ಲಿ ಕುಜನಿದ್ದಾನೆಂದು ಬರೆದವರು ಈ ಮಾವಂದಿರೇ. ಅಷ್ಟರಲ್ಲಿ ಮೂರು ಸಂಬಂಧಗಳು ಬಂದು ಅದನ್ನು ನೋಡಿ ಹಿಂದೆ ಸರಿದಿದ್ದವು. ಅಕ್ಕನಿಗೆ ಆಗ ಮೂವತ್ತಮೂರು ವರ್ಷ. ಅವಳು ಮೆಲ್ಲಗೆ ಕೇಳಿದಳು: "ಮಾಮಾ, ನಿಮ್ಮ ಗ್ರಹಣದ ಲೆಕ್ಕ ತಪ್ಪಿದ್ರ ಊರಿಗೆಲ್ಲಾ ಗೊತ್ತಾಗ್ತದ. ನನ್ನ ಕುಂಡಲಿ ಲೆಕ್ಕ ತಪ್ಪಿದ್ರ ಯಾರಿಗೆ ಗೊತ್ತಾಗ್ತದ?" ಮಾವಂದಿರು ಉತ್ತರಿಸಲಿಲ್ಲ. ಮಜ್ಜಿಗೆ ಕೇಳಿದರು.

ವೃತ್ತಿಯಲ್ಲಿದ್ದಾಗ ಬಿಡುವು ದೊರೆತಾಗಲೆಲ್ಲ, ನಿವೃತ್ತಿಯ ನಂತರ ಇನ್ನೂ ಹೆಚ್ಚಾಗಿ, ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿದ್ದೇನೆ. ಎರಡು ಬೇರೆ ಬೇರೆ ಲೆಕ್ಕಗಳಿಗೆ ಒಂದೇ ಹೆಸರು ಬಂದುದು ಹೇಗೆ?

'ಜ್ಯೋತಿಸ್' ಎಂದರೆ ಬೆಳಕು. ಬೆಳಕಿನ ಪಿಂಡಗಳ ಚಲನೆಯನ್ನು ಎಣಿಸುವ ವಿದ್ಯೆಯೇ ಜ್ಯೋತಿಷ. ಲಗಧನ ಹೆಸರಿನಲ್ಲಿರುವ 'ವೇದಾಂಗ ಜ್ಯೋತಿಷ'ವನ್ನು ತೆರೆದು ನೋಡಿದರೆ ಅಲ್ಲಿರುವುದು ಇಷ್ಟೇ: ಐದು ವರ್ಷಗಳ ಒಂದು ಯುಗ, ಅದರಲ್ಲಿ 1830 ದಿನಗಳು, 62 ಚಾಂದ್ರಮಾಸಗಳು, ಉತ್ತರಾಯಣ ಯಾವಾಗ, ಅಮಾವಾಸ್ಯೆ ಯಾವಾಗ, ಯಜ್ಞಕ್ಕೆ ಯಾವ ದಿನ. ಮೇಷ, ವೃಷಭಾದಿ ರಾಶಿಗಳಿಲ್ಲ. ಹುಟ್ಟಿದ ಗಳಿಗೆಯನ್ನು ಹಿಡಿದು ಬಾಳನ್ನು ಹೇಳುವ ಮಾತಿಲ್ಲ. ನಕ್ಷತ್ರಗಳಲ್ಲಿ ಶುಭಾಶುಭಗಳನ್ನು ಕಾಣುವ ರೂಢಿ ನಮ್ಮಲ್ಲಿ ಹಳೆಯದೇ. ಆದರೆ ವ್ಯಕ್ತಿಯ ಜನ್ಮಕುಂಡಲಿ ಬೇರೆಡೆಯಿಂದ ಬಂದದ್ದು. ಬ್ಯಾಬಿಲೋನಿನಲ್ಲಿ ಕ್ರಿ.ಪೂ. 410ರ ಜಾತಕ ಜೇಡಿಮಣ್ಣಿನ ಹಲಗೆಯ ಮೇಲೆ ದೊರೆತಿದೆ. ಅಲ್ಲಿಂದ ಗ್ರೀಕರ ಕೈಗೆ, ಅವರಿಂದ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ನಮ್ಮಲ್ಲಿಗೆ. ಸಾಕ್ಷಿ ನಮ್ಮ ಬಾಯಿಯಲ್ಲಿಯೇ ಇದೆ. ಹೋರಾ, ದ್ರೇಕ್ಕಾಣ, ಜಾಮಿತ್ರ ಇವೆಲ್ಲ ಗ್ರೀಕ್ ಶಬ್ದಗಳು. 'ಕೇಂದ್ರ' ಕೂಡ! ಕೇಂದ್ರ ಸರಕಾರ ಎನ್ನುವಾಗಲೆಲ್ಲ ನಾವು ಯವನರ ಮಾತನ್ನಾಡುತ್ತಿದ್ದೇವೆ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರವನ್ನು ಬಲ್ಲವರಾದ್ದರಿಂದ ಋಷಿಗಳಂತೆ ಪೂಜ್ಯರು ಎಂಬ ಅಭಿಪ್ರಾಯವನ್ನು ವರಾಹಮಿಹಿರನೇ ದಾಖಲಿಸಿದ್ದಾನೆ. ಇಂದು 'ವೇದದ ಜ್ಯೋತಿಷ' ಎಂದು ಎದೆ ತಟ್ಟಿಕೊಳ್ಳುವವರು ಆತನನ್ನು ಒಮ್ಮೆ ಓದುವುದು ಒಳ್ಳೆಯದು.

ಆರನೆಯ ಶತಮಾನದ ಈ ವರಾಹಮಿಹಿರನ ಕಾಲಕ್ಕೆ ಜ್ಯೋತಿಷಕ್ಕೆ ಮೂರು ಸ್ಕಂಧಗಳು: ಗಣಿತ, ಹೋರಾ, ಸಂಹಿತೆ. ಗಣಿತದಲ್ಲಿ ಗ್ರಹಗತಿ, ಹೋರೆಯಲ್ಲಿ ಜಾತಕ, ಸಂಹಿತೆಯಲ್ಲಿ ಮಳೆ-ಬೆಳೆ-ಶಕುನ-ವಾಸ್ತು ಎಲ್ಲವೂ. ಒಂದೇ ಸೂರಿನಡಿ ಮೂರು ಸಂಸಾರ. ಒಳಗಿನ ಇಕ್ಕಟ್ಟು ಆಗಲೇ ಕಾಣುತ್ತದೆ. 'ಬೃಹತ್ಸಂಹಿತೆ'ಯಲ್ಲಿ ಗ್ರಹಣಕ್ಕೆ ರಾಹು ಕಾರಣನಲ್ಲ, ನೆರಳು ಕಾರಣ ಎಂದು ಸ್ಪಷ್ಟವಾಗಿ ವಿವರಿಸಿದ ಅದೇ ಲೇಖನಿ, ಮುಂದೆ ಗ್ರಹಣದಿಂದ ಯಾವ ಯಾವ ದೇಶಗಳಿಗೆ ಯಾವ ಕೇಡು ಎಂದು ಪಟ್ಟಿ ಮಾಡುತ್ತದೆ. ಕ್ರಿ.ಶ. 499ರ ಆರ್ಯಭಟನೂ ಗ್ರಹಣವೆಂದರೆ ನೆರಳೆಂದೇ ಹೇಳಿದ್ದ. 628ರಲ್ಲಿ ಬ್ರಹ್ಮಗುಪ್ತ ಅಂಥವರನ್ನು ಸಂಪ್ರದಾಯವಿರೋಧಿಗಳೆಂದು ಬಯ್ದು ರಾಹುವಿನ ಪರ ವಹಿಸಿದ. ತನ್ನ ಗಣಿತವನ್ನು ಮಾತ್ರ ನೆರಳಿನ ಅಳತೆಯಿಂದಲೇ ಮಾಡಿದ. ಹನ್ನೊಂದನೆಯ ಶತಮಾನದಲ್ಲಿ ಭಾರತವನ್ನು ಕುರಿತು ಬರೆದ ಅಲ್ಬೆರೂನಿ ಇದನ್ನು ಗಮನಿಸಿ, ಇಷ್ಟು ದೊಡ್ಡ ಗಣಿತಜ್ಞ ಹೀಗೇಕೆ ಮಾಡಿದನೆಂದು ಚಕಿತನಾಗಿದ್ದಾನೆ. ನನಗಂತೂ ಚಕಿತನಾಗುವ ಕಾರಣ ಕಾಣದು. ಸತ್ಯ ಗೊತ್ತಿದ್ದೂ ಸಮಾಜಕ್ಕೆ ಅಂಜಿ ಬೇರೆ ಮಾತನಾಡುವವರನ್ನು ಶಿಕ್ಷಕರ ಕೊಠಡಿಯಲ್ಲಿ ನಾನು ಸಾಕಷ್ಟು ನೋಡಿದ್ದೇನೆ. ಕೆಲವೊಮ್ಮೆ ನಾನೂ ಅವರಲ್ಲೊಬ್ಬ.

ಕನ್ನಡಕ್ಕೆ ಜ್ಯೋತಿಷ ಬಂದದ್ದೂ ಹೋರೆಯ ಬಾಗಿಲಿನಿಂದಲೇ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು ರಚಿಸಿದ 'ಜಾತಕತಿಲಕ' ನಮ್ಮ ಭಾಷೆಯ ಮೊದಲ ಜ್ಯೋತಿಷಗ್ರಂಥವೆಂದು ಪ್ರಸಿದ್ಧವಾಗಿದೆ. ಹೆಸರೇ ಹೇಳುವಂತೆ ಅದು ಜಾತಕದ ಗ್ರಂಥ.

ಲೆಕ್ಕವನ್ನು ಮಾತ್ರ ಉಳಿಸಿಕೊಂಡು ಅದರ ಕಾರಣವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಸೊಗಸಾದ ದಾಖಲೆಯಿದೆ. 1825ರಲ್ಲಿ ಜಾನ್ ವಾರನ್ ಎಂಬ ಅಧಿಕಾರಿ 'ಕಾಲಸಂಕಲಿತ'ವೆಂಬ ದೊಡ್ಡ ಪುಸ್ತಕವನ್ನು ಮದರಾಸಿನಲ್ಲಿ ಪ್ರಕಟಿಸಿದ. ಅದರಲ್ಲಿ ಒಬ್ಬ ತಮಿಳು ಪಂಚಾಂಗಗಾರನ ಪ್ರಸ್ತಾಪವಿದೆ. ಆತ ಕಾಗದ-ಲೇಖನಿಗಳನ್ನು ಮುಟ್ಟದೆ, ನೆಲದ ಮೇಲೆ ಕವಡೆಗಳನ್ನು ಸಾಲಾಗಿಟ್ಟು ಸರಿಸುತ್ತ, ಬಾಯಿಪಾಠದ ಕೋಷ್ಟಕಗಳಿಂದ ಆ ವರ್ಷದ ಚಂದ್ರಗ್ರಹಣವನ್ನು ಗಣಿಸಿ ತೋರಿಸಿದ. ಆರಂಭಕಾಲದಲ್ಲಿ ತಪ್ಪು ಕೇವಲ 4 ನಿಮಿಷ. ಮುಗಿಯುವ ಕಾಲದಲ್ಲಿ ಮಾತ್ರ 52 ನಿಮಿಷ. ಗ್ರಹಣ ಏಕಾಗುತ್ತದೆ ಎಂಬ ಸಿದ್ಧಾಂತ ಆತನಿಗೆ ತಿಳಿದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಊರಿನವರು ಆತನನ್ನು ನಂಬುತ್ತಿದ್ದುದು ಈ ಗ್ರಹಣಗಳಿಂದಲೇ ಇರಬೇಕು. ಹಾಗೆ ಗಳಿಸಿದ ನಂಬಿಕೆ ಮದುವೆಯ ಮುಹೂರ್ತಕ್ಕೆ, ಮಗುವಿನ ಜಾತಕಕ್ಕೆ ಸಾಲವಾಗಿ ಹೋಗುತ್ತದೆ. ಮಾವಂದಿರ "ಶಾಸ್ತ್ರ ಸುಳ್ಳಲ್ಲ" ಎಂಬ ಮಾತಿನಲ್ಲಿಯೂ ನಡೆದದ್ದು ಇದೇ ವ್ಯವಹಾರ.

ಯುರೋಪಿನಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಎರಡನೆಯ ಶತಮಾನದ ಟಾಲೆಮಿ ಗಣಿತಕ್ಕೊಂದು, ಫಲಕ್ಕೊಂದು ಎಂದು ಎರಡು ಬೇರೆ ಗ್ರಂಥಗಳನ್ನು ಬರೆದು, ಎರಡನೆಯದು ಮೊದಲನೆಯದರಷ್ಟು ನಿಶ್ಚಿತವಲ್ಲವೆಂದು ಅದರ ಆರಂಭದಲ್ಲಿಯೇ ಒಪ್ಪಿಕೊಂಡ. ಆದರೂ ಸಾವಿರದೈನೂರು ವರ್ಷ ಎರಡೂ ಒಟ್ಟಿಗೇ ನಡೆದವು. ಕೆಪ್ಲರನನ್ನೇ ನೋಡಿ. ಅವನೂ ನಮ್ಮಂತೆ ಶಾಲೆಯ ಮಾಸ್ತರ. 1594ರಲ್ಲಿ ಗ್ರಾಟ್ಸ್ ನಗರದಲ್ಲಿ ಗಣಿತ ಕಲಿಸಲು ಸೇರಿದ. ಮೊದಲ ವರ್ಷ ಬೆರಳೆಣಿಕೆಯ ವಿದ್ಯಾರ್ಥಿಗಳು, ಎರಡನೆಯ ವರ್ಷ ಅವರೂ ಇಲ್ಲ. ಪ್ರತಿವರ್ಷ ಭವಿಷ್ಯಸಹಿತ ಪಂಚಾಂಗ ಬರೆಯುವುದೂ ಆ ನೌಕರಿಯ ಭಾಗವಾಗಿತ್ತು. 1595ರ ಪಂಚಾಂಗದಲ್ಲಿ ಕಡು ಚಳಿ ಮತ್ತು ತುರ್ಕರ ದಾಳಿ ಎಂದು ಬರೆದ. ಎರಡೂ ನಡೆದವು, ಹೆಸರೂ ಬಂದಿತು. 1608ರಲ್ಲಿ ವಾಲೆನ್‌ಸ್ಟೈನನ ಜಾತಕವನ್ನು ಬರೆದ. ಮರುವರ್ಷ ಮಂಗಳಗ್ರಹದ ಕಕ್ಷೆ ದೀರ್ಘವೃತ್ತವೆಂದು ಸಾಧಿಸಿದ ಗ್ರಂಥವನ್ನು ಪ್ರಕಟಿಸಿದ. ಫಲಭಾಗವನ್ನು ಆತ ಪೂರ್ತಿ ತಿರಸ್ಕರಿಸಲೂ ಇಲ್ಲ. ಆದರೆ ಜ್ಞಾನಿಯಾದ ತಾಯಿಯನ್ನು ಮಂಕುಮಗಳು ದುಡಿದು ಸಾಕುತ್ತಿದ್ದಾಳೆಂಬ ಅರ್ಥದ ಮಾತನ್ನು ಆಡಿದ್ದಾನೆ. ಅನುಭವದ ಮಾತು.

ಹಾಗಾದರೆ ತಾಯಿ-ಮಗಳು ಬೇರೆಯಾದುದು ಯಾವಾಗ? ನ್ಯೂಟನ್ನನ ಗುರುತ್ವ ಬಂತು, ಜ್ಯೋತಿಷ ಹೋಯಿತು ಎಂದು ನಾವು ಪಾಠದಲ್ಲಿ ಹೇಳಿಬಿಡುತ್ತೇವೆ. ಇದು ಅರ್ಧ ಸತ್ಯ. ನನ್ನ ಅಭಿಪ್ರಾಯದಲ್ಲಿ ಸಂಬಳ ಕೊಡುವವರು ಬದಲಾದುದೂ ಅಷ್ಟೇ ಮುಖ್ಯ. 1675ರಲ್ಲಿ ಇಂಗ್ಲೆಂಡಿನ ದೊರೆ ಗ್ರೀನಿಚ್ ವೀಕ್ಷಣಾಲಯವನ್ನು ಸ್ಥಾಪಿಸಿದ್ದು ನಡುಗಡಲಿನಲ್ಲಿ ಹಡಗುಗಳಿಗೆ ರೇಖಾಂಶ ತಿಳಿಯಲೆಂದು. ತಪ್ಪಾದರೆ ಹಡಗು ಬಂಡೆಗೆ ಬಡಿಯುತ್ತದೆ; ತಪ್ಪನ್ನು ಮುಚ್ಚಿಡಲಾಗದು. ಅಲ್ಲಿನ ಮೊದಲ ಖಗೋಳಜ್ಞ ಫ್ಲ್ಯಾಮ್‌ಸ್ಟೀಡ್ ಅಡಿಗಲ್ಲಿನ ಮುಹೂರ್ತಕ್ಕೆ ಒಂದು ಕುಂಡಲಿಯನ್ನು ಬರೆದ. ಆದರೆ ಅದರ ಜೊತೆಗೆ, ಗೆಳೆಯರೇ ನಗು ತಡೆದುಕೊಳ್ಳಬಲ್ಲಿರಾ ಎಂಬ ಅರ್ಥದ ಲ್ಯಾಟಿನ್ ಮಾತನ್ನೂ ಸೇರಿಸಿದ. ವಾಲೆನ್‌ಸ್ಟೈನನಿಗಾಗಿ ಗಂಭೀರವಾಗಿ ಬರೆದ ಕುಂಡಲಿ ಎಪ್ಪತ್ತು ವರ್ಷಗಳೊಳಗೆ ನಗೆಯ ವಸ್ತುವಾಗಿತ್ತು.

ನಮ್ಮಲ್ಲಿ ಅಂಥ ನಗು ಬರಲಿಲ್ಲ. ಮದರಾಸಿನಲ್ಲಿ ಕಂಪನಿಯ ವೀಕ್ಷಣಾಲಯ 1792ರಲ್ಲಿ ಎದ್ದುನಿಂತಿತು. ಅದರ ವಂಶವೇ ಕೊಡೈಕನಾಲಿನ ಮೂಲಕ ಇಂದಿನ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯವರೆಗೆ ಬಂದಿದೆ. ಆದರೆ ನಮ್ಮ ಜೋಯಿಸರ ಮನೆಗೂ ಅದಕ್ಕೂ ನಡುವೆ ಸೇತುವೆಯಿರಲಿಲ್ಲ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶ್ರಮದಿಂದ 1957ರಲ್ಲಿ ರಾಷ್ಟ್ರೀಯ ಪಂಚಾಂಗ ಬಂದಿತು. ಸರಕಾರಿ ರಾಜಪತ್ರದ ದಿನಾಂಕವನ್ನು ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಹಗಲು ಬೆಳೆಯತೊಡಗುವುದು ಡಿಸೆಂಬರ್ 22ರ ಸುಮಾರಿಗೆ; ನಾವು ಉತ್ತರಾಯಣದ ಎಳ್ಳು ಬೀರುವುದು ಇಂದಿಗೂ ಜನವರಿ 14-15ಕ್ಕೆ. ಲಗಧನಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. 2001ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಫಲಜ್ಯೋತಿಷವನ್ನು 'ಜ್ಯೋತಿರ್ವಿಜ್ಞಾನ'ವೆಂಬ ಹೆಸರಿನಲ್ಲಿ ಪದವಿತರಗತಿಗಳಿಗೆ ತರಲು ಹೊರಟಿತು. ವಿಜ್ಞಾನಿಗಳು ನ್ಯಾಯಾಲಯಕ್ಕೆ ಹೋದರು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿಹಾಕಿತು. ಹೋರೆಗೆ ಮತ್ತೊಮ್ಮೆ ಗಣಿತದ ಹೆಸರು ಸಾಲ ದೊರೆಯಿತು.

ಮಾವಂದಿರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯ ಕಾಗದಗಳು ನನ್ನ ಪಾಲಿಗೆ ಬಂದವು. ಗ್ರಹಣಗಳ ವಹಿಯೊಂದಿತ್ತು. 1980ರ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಸ್ಪರ್ಶ ಹನ್ನೊಂದು ನಿಮಿಷ ವ್ಯತ್ಯಾಸ ಎಂದು ಅವರದೇ ಅಕ್ಷರ. ಹಿಂದಿನ ಗ್ರಹಣಗಳ ಪುಟಗಳಲ್ಲಿಯೂ ಹಾಗೆಯೇ, ಒಂದೊಂದರ ಪಕ್ಕದಲ್ಲಿ ಅದರದರ ತಪ್ಪು. ಜಾತಕಗಳ ವಹಿ ಬೇರೆ ಇತ್ತು, ಇನ್ನೂರಕ್ಕೂ ಹೆಚ್ಚು ಕುಂಡಲಿಗಳು. ಅದರ ಅಂಚುಗಳಲ್ಲಿ ಎಲ್ಲಿಯೂ ಕೆಂಪು ಶಾಯಿಯಿಲ್ಲ. ಅಕ್ಕನ ಪುಟವನ್ನು ಅವಳಿಗೇ ಕೊಟ್ಟೆ. ಅವಳಿಗೆ ಮದುವೆಯಾಗಲಿಲ್ಲ, ಬಾಲವಾಡಿಯ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದಳು. ಕನ್ನಡಕವನ್ನು ಹಾಕಿಕೊಂಡು ಬಹಳ ಹೊತ್ತು ಅದನ್ನು ನೋಡಿದಳು. "ಅಕ್ಷರ ಭಾಳ ಛಲೋ ಅವ ಮಾಮಾಂದು" ಎಂದು ಮಡಿಚಿ ಪುಸ್ತಕದೊಳಗೆ ಇಟ್ಟಳು.