ಕಂಡುಹಿಡಿದವರ ಕೈತಪ್ಪಿದ ಎರಡು ಸ್ಕ್ರೀನ್

ಕತ್ತಲಲ್ಲಿ ಎರಡು ಫೋನ್ ಪಕ್ಕಪಕ್ಕ ಇಟ್ಟು ಪೂರ್ತಿ ಕಪ್ಪಾಗಿರೋ ಒಂದು ಚಿತ್ರ ತೆರೆದು ನೋಡಿ. ಎಲ್‌ಸಿಡಿಯಲ್ಲಿ ಅದು ಬೂದು ಬೂದಾಗಿ ಕಾಣುತ್ತೆ. ಯಾಕಂದ್ರೆ ಹಿಂದೆ ಲೈಟ್ ಉರೀತಾನೇ ಇರುತ್ತೆ, ದ್ರವ ಹರಳುಗಳು ಅದಕ್ಕೆ ಅಡ್ಡ ನಿಂತಿರುತ್ತವೆ ಅಷ್ಟೆ. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತೆ. ಕಪ್ಪು ಬೇಕಾದಾಗ ಆರಿಯೇ ಹೋಗುತ್ತೆ.

ಎರಡರ ಹಿಂದೆಯೂ ಒಂದೇ ಥರದ ಕಥೆ. 1960ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಪ್ರಿನ್ಸ್‌ಟನ್ ಪ್ರಯೋಗಾಲಯದಲ್ಲಿ ಜಾರ್ಜ್ ಹೈಲ್‌ಮಯರ್ ತಂಡ ಎಲ್‌ಸಿಡಿ ರೂಪಿಸಿತು. 1968ರಲ್ಲಿ ಪತ್ರಕರ್ತರನ್ನು ಕರೆದು ತೋರಿಸಿದ್ದೂ ಆಯ್ತು. ಆದರೆ ಆರ್‌ಸಿಎಗೆ ಅನ್ನ ಹಾಕ್ತಿದ್ದದ್ದು ಪಿಕ್ಚರ್ ಟ್ಯೂಬ್ ಟಿವಿ. ಮನೆಯೊಳಗೇ ಅದಕ್ಕೊಂದು ಪೈಪೋಟಿ ಸಾಕೋದು ಯಾರಿಗೆ ಬೇಕಿತ್ತು? 1970ರಲ್ಲಿ ಹೈಲ್‌ಮಯರ್ ಹೊರಟೇಹೋದರು. 1973ರಲ್ಲಿ ಎಲ್‌ಸಿಡಿ ಕ್ಯಾಲ್ಕುಲೇಟರ್ ಮಾರುಕಟ್ಟೆಗೆ ಬಿಟ್ಟದ್ದು ಜಪಾನಿನ ಶಾರ್ಪ್.

ಇನ್ನು ಒಎಲ್‌ಇಡಿ. ಅದು ಹುಟ್ಟಿದ್ದು, ನಂಬಿದ್ರೆ ನಂಬಿ, ಫಿಲಂ ರೋಲ್ ಮಾರ್ತಿದ್ದ ಕೊಡಾಕ್‌ನಲ್ಲಿ! ಅಲ್ಲಿನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್, ತೆಳು ಸಾವಯವ ಪದರಗಳು 10 ವೋಲ್ಟ್‌ಗಿಂತ ಕಡಿಮೆಯಲ್ಲೇ ಚೆನ್ನಾಗಿ ಬೆಳಗುತ್ತವೆ ಅಂತ 1987ರಲ್ಲಿ ತೋರಿಸಿದರು. 2003ರಲ್ಲಿ ಕೊಡಾಕ್ ತನ್ನದೇ ಡಿಜಿಟಲ್ ಕ್ಯಾಮೆರಾ ಒಂದಕ್ಕೆ ಈ ಸ್ಕ್ರೀನ್ ಹಾಕಿಯೂ ನೋಡಿತು. 2009ರ ಕೊನೆಗೆ ಆ ವ್ಯವಹಾರವನ್ನೇ ಎಲ್‌ಜಿ ಬಳಗಕ್ಕೆ ಮಾರೋದಾಗಿ ಹೇಳಿತು. 2012ರ ಜನವರಿಯಲ್ಲಿ ಕೊಡಾಕ್‌ನಿಂದ ದಿವಾಳಿ ಅರ್ಜಿ.

ಹಾಗಂತ ಒಎಲ್‌ಇಡಿಯೇ ಗೆದ್ದಿತು ಅನ್ನಬೇಡಿ. ಅದರ ಸಾವಯವ ಪದಾರ್ಥ ಸವೆಯುತ್ತೆ, ನೀಲಿಯಂತೂ ಬೇಗ. ನನ್ನ ಹಳೇ ಫೋನ್‌ನಲ್ಲಿ ಬ್ಯಾಟರಿ ಚಿಹ್ನೆಯ ನೆರಳು ಅಚ್ಚೊತ್ತಿದ ಹಾಗೆ ಕೂತುಬಿಟ್ಟಿದೆ. ವಿಡಿಯೋ ನೋಡುವಾಗಲೂ ಅಲ್ಲೇ ಇರುತ್ತೆ.