ಒರಗಿ ಕೂರುವ ಕಲ್ಲು: ‘ಕಕ್ಷಾಸನ’ ಎಂಬ ಪದದ ಜಾಡು

ತರೀಕೆರೆ ಸೀಮೆಯ ಅಮೃತಾಪುರಕ್ಕೆ ಹೋದಾಗಲೆಲ್ಲ ನಾನು ದೇವಾಲಯದ ತೆರೆದ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂತೇ ಬರುತ್ತೇನೆ. ಮಂಟಪದ ಅಂಚಿನುದ್ದಕ್ಕೂ ಕಲ್ಲಿನ ಜಗಲಿ. ಜಗಲಿಯ ಹೊರಮಗ್ಗುಲಲ್ಲಿ ತುಸು ಹೊರಕ್ಕೆ ವಾಲಿ ನಿಂತ ಕಲ್ಲುಹಲಗೆ. ಬೆನ್ನು ಕೊಟ್ಟರೆ ಆ ವಾಲು ಎಷ್ಟು ಹದವಾದದ್ದೆಂದು ಮೈಗೆ ತಿಳಿಯುತ್ತದೆ. ಈ ಒರಗುಗಲ್ಲಿಗೆ ವಾಸ್ತುಶಾಸ್ತ್ರ ಕೊಟ್ಟ ಹೆಸರು ಕಕ್ಷಾಸನ. ಸಂಸ್ಕೃತದಲ್ಲಿ ‘ಕಕ್ಷ’ ಎಂದರೆ ಕಂಕುಳು, ಪಕ್ಕ. ಆವರಣ ಎಂಬ ಅರ್ಥವೂ ಉಂಟು. ಓರೆಯಾಗಿ ಕೂತು ತೋಳನ್ನು ಹಲಗೆಯ ಮೇಲಂಚಿಗೆ ಹಾಕಿದವರಿಗೆ ಮೊದಲ ಅರ್ಥವೇ ಹತ್ತಿರವಾದದ್ದು ಅನ್ನಿಸುತ್ತದೆ.

ಶಾಸ್ತ್ರದ ಲೆಕ್ಕದಲ್ಲಿ ಕಕ್ಷಾಸನ ಒಂಟಿಯಲ್ಲ. ಅಧಿಷ್ಠಾನದ ಮೇಲೆ ರಾಜಸೇನಕವೆಂಬ ಪಟ್ಟಿ, ಅದರ ಮೇಲೆ ವೇದಿಕೆ, ವೇದಿಕೆಯ ಮೇಲೆ ಕೂರಲು ಆಸನಪಟ್ಟ, ಎಲ್ಲಕ್ಕೂ ಮೇಲೆ ಒರಗಲು ಕಕ್ಷಾಸನ. ಮಂಟಪದ ಹೊರಸಾಲಿನ ಕಂಬಗಳು ಈ ಆಸನದ ಮೇಲೆಯೇ ನಿಲ್ಲುವುದರಿಂದ ಒಳಗಿನ ಕಂಬಗಳಿಗಿಂತ ಗಿಡ್ಡ. ಇದೇ ಭಾಗಕ್ಕೆ ಮತ್ತವಾರಣ ಎಂಬ ಇನ್ನೊಂದು ಹೆಸರೂ ಇದೆ. ಆ ಪದದ ನೇರ ಅರ್ಥ ಮದ್ದಾನೆ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ರಂಗಪೀಠದ ಪಕ್ಕಕ್ಕೆ ನಾಲ್ಕು ಕಂಬಗಳ, ಒಂದೂವರೆ ಮೊಳ ಎತ್ತರದ ‘ಮತ್ತವಾರಣಿ’ ಬರುತ್ತದೆ. ಅದು ಯಾವ ಆಕಾರದ್ದೆಂಬ ವಾದ ವಿದ್ವಾಂಸರಲ್ಲಿ ಬಹಳ ಕಾಲ ನಡೆಯಿತು.

ನಮ್ಮ ನಾಡಿನ ಕಟ್ಟಡಗಳಲ್ಲಿ ಈ ಆಸನ ಬಾದಾಮಿ ಚಾಲುಕ್ಯರ ಕಾಲಕ್ಕಾಗಲೇ ಇದೆ. ಐಹೊಳೆಯ ಲಾಡಖಾನ್ ಗುಡಿಯ ಮುಖಮಂಟಪದ ಒರಗುಗಲ್ಲುಗಳ ಹೊರಮೈಯಲ್ಲಿ ಪೂರ್ಣಘಟಗಳಿವೆ. ಆ ಗುಡಿಯನ್ನು ಹಿಂದೆ 5ನೆಯ ಶತಮಾನದ್ದೆಂದು ಹೇಳುತ್ತಿದ್ದರು. ಈಗಿನ ವಿದ್ವಾಂಸರು ಸುಮಾರು 7ನೆಯ ಶತಮಾನದ ಕೊನೆ ಅಥವಾ 8ನೆಯ ಶತಮಾನಕ್ಕೆ ತರುತ್ತಾರೆ. ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಒರಗುಗಲ್ಲಿನ ಹೊರಮೈ ಶಿಲ್ಪಿಯ ಮೆಚ್ಚಿನ ಜಾಗವಾಯಿತು. ಗದುಗಿನ ತ್ರಿಕೂಟೇಶ್ವರದಲ್ಲಿ ಓರೆಹಲಗೆಗಳ ತುಂಬ ಮೂರ್ತಿಗಳು ಸಾಲುಗಟ್ಟಿವೆ. ಹಲಗೆ ಹೊರಕ್ಕೆ ವಾಲಿರುವುದರಿಂದ ಅದರ ಹೊರಮೈ ತುಸು ಕೆಳಮುಖವಾಗಿರುತ್ತದೆ. ಅಂಗಳದಲ್ಲಿ ನಿಂತವರ ಕಣ್ಣಿಗೆ ಶಿಲ್ಪ ನೇರವಾಗಿ ಎದುರಾಗುತ್ತದೆ. ಒಳಗೆ ಕೂತವರಿಗೆ ಆಸರೆ, ಹೊರಗೆ ನಿಂತವರಿಗೆ ಕಥೆ: ಒಂದೇ ಹಲಗೆಗೆ ಎರಡು ಕೆಲಸ. ಇದಕ್ಕಿಂತ ಜಾಣ ಕಲ್ಪನೆಯನ್ನು ನಾನು ನಮ್ಮ ದೇವಾಲಯ ವಾಸ್ತುವಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಆದರೆ ಅದನ್ನು ಏನೆಂದು ಕರೆಯಬೇಕು? ಆಧುನಿಕ ಅಧ್ಯಯನಕ್ಕೆ ಉತ್ತರ ಬೇಗ ಸಿಗಲಿಲ್ಲ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಿಂದ 1919ರವರೆಗೆ ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳ ಮೇಲೆ ಇಂಗ್ಲಿಷಿನಲ್ಲಿ ಹೊರತಂದ ಪುಸ್ತಕಗಳು ಹೊಯ್ಸಳ ಅಧ್ಯಯನದ ಬುನಾದಿ. ಜೋಡಿಕಂಬಗಳ ನಡುವೆ ಮೂರ್ತಿಗಳಿರುವ ಈ ಓರೆಪಟ್ಟಿಯನ್ನು ಅವರು ಕಟಕಟೆ ಎಂಬರ್ಥದ ‘ರೇಲ್’ ಪದದಿಂದ ಗುರುತಿಸಿದರು. ಸಾಲುಸಾಲು ಶಿಲ್ಪವನ್ನು ಹೊರಗಿನಿಂದ ಲೆಕ್ಕ ಹಾಕುತ್ತಿದ್ದ ಪಂಡಿತರಿಗೆ ಅದು ಸಹಜವಾದ ಮಾತು. ಆದರೆ ಕಟಕಟೆ ಎಂದೊಡನೆ ತಡೆಯೇ ನೆನಪಾಗುತ್ತದೆ, ಕೂತವರು ನೆನಪಾಗುವುದಿಲ್ಲ.

ಪದವನ್ನು ಮರಳಿ ತಂದದ್ದು ಪಶ್ಚಿಮ ಭಾರತದ ಗ್ರಂಥಗಳು. ಭೋಜನ ಹೆಸರಿನ ಸಮರಾಂಗಣಸೂತ್ರಧಾರ 1920ರ ದಶಕದಲ್ಲೂ ಅಪರಾಜಿತಪೃಚ್ಛಾ 1950ರಲ್ಲೂ ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾದವು. ಗುಜರಾತಿನ ಸೋಮಪುರ ಮನೆತನದ ಸ್ಥಪತಿಗಳಿಗಂತೂ ಇಂಥ ಮಾತುಗಳು ಕಸುಬಿನ ಬಳಕೆಯಲ್ಲೇ ಇದ್ದವು. 1959ರಲ್ಲಿ ಪುರಾತತ್ತ್ವಜ್ಞ ಕೃಷ್ಣದೇವ ಅವರು ಖಜುರಾಹೊ ದೇವಾಲಯಗಳ ಬಗ್ಗೆ ‘ಏನ್ಶಿಯಂಟ್ ಇಂಡಿಯಾ’ದಲ್ಲಿ ಬರೆದ ದೀರ್ಘ ಲೇಖನದಲ್ಲಿ ಈ ಪರಿಭಾಷೆಯನ್ನೇ ಹಿಡಿದು ಒಂದೊಂದು ಅಂಗವನ್ನು ವರ್ಣಿಸಿದರು. ಮುಂದಿನ ದೊಡ್ಡ ಹೆಜ್ಜೆ ಪೋರಬಂದರಿನ ಮಧುಸೂದನ ಢಾಕಿಯವರದು. ಅವರು 1977ರಲ್ಲಿ ಕರ್ನಾಟಕದ ಶಾಸನ ಮತ್ತು ಕಟ್ಟಡಗಳಲ್ಲಿ ದೇವಾಲಯ ಪ್ರಕಾರಗಳ ಕುರಿತು ಪುಸ್ತಕವನ್ನೇ ಬರೆದರು. 1983ರಿಂದ ಮೈಕೆಲ್ ಮೈಸ್ಟರ್ ಅವರೊಡನೆ ಸಂಪಾದಿಸಿದ ಭಾರತೀಯ ದೇವಾಲಯ ವಾಸ್ತು ವಿಶ್ವಕೋಶದ ಸಂಪುಟಗಳಲ್ಲಿ ಕಕ್ಷಾಸನ ನೆಲೆಯೂರಿತು. ಇಂದು ನಮ್ಮ ಊರಿನ ಗುಡಿಯ ಮೇಲಿನ ಕನ್ನಡ ಲೇಖನದಲ್ಲೂ ಅದು ಸಲೀಸಾಗಿ ಬರುತ್ತದೆ.

ಮೊಢೇರಾದ ಸೂರ್ಯದೇವಾಲಯದ ಸಭಾಮಂಟಪಕ್ಕೆ ಒಪ್ಪುವ ಮಾತನ್ನು ಗದುಗಿನ ಕಲ್ಲಿಗೂ ಅಂಟಿಸಬಹುದೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ, ನಮ್ಮ ಶಿಲ್ಪಿಗಳು ಓದಿದ್ದು ಆ ಗ್ರಂಥಗಳನ್ನಲ್ಲ. ಹಾಗಿದ್ದರೂ ನಾನು ಕಕ್ಷಾಸನದ ಪಕ್ಷ. ಏಕೆಂದರೆ ಆ ಮಾತಿನಲ್ಲಿ ‘ಆಸನ’ ಇದೆ. ಅದರ ಜೊತೆಗೆ ‘ಒರಗುಗಲ್ಲು’ ಎಂಬ ಕನ್ನಡದ ಮಾತೂ ಬರಹದಲ್ಲಿ ನಡೆಯಲಿ ಎಂಬುದು ನನ್ನ ಆಸೆ.

ಆಸನ ಎಂದು ತಿಳಿದು ನೋಡಿದಾಗ ಬೇಲೂರು ಬೇರೆಯಾಗಿ ಕಾಣುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ನವರಂಗ ಮೊದಲು ತೆರೆದೇ ಇತ್ತು. ಒರಗುಗಲ್ಲಿನ ಮೇಲಿನ ತೆರಪಿಗೆ ಕಲ್ಲಿನ ಜಾಲಂಧ್ರಗಳು ಕೂತದ್ದು ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಜಾಲಂಧ್ರಗಳ ಕುಸುರಿ ಅಪೂರ್ವವಾದದ್ದು, ಆದರೆ ಅಲ್ಲಿಗೆ ಒಳಗಿಗೂ ಹೊರಗಿಗೂ ನಡುವಿನ ಮಾತು ನಿಂತಿತು. ಒಳಗೆ ಕತ್ತಲು ತುಂಬಿತು. ಜಗಲಿಯೇನೋ ಉಳಿಯಿತು, ಅದರ ಮೇಲೆ ಕೂತು ಅಂಗಳ ನೋಡುವುದು ಇಲ್ಲವಾಯಿತು. ವಿಜಯನಗರದ ಹೊತ್ತಿಗೆ ಬಳಪದ ಕಲ್ಲಿನ ಜಾಗಕ್ಕೆ ಗಟ್ಟಿ ಕಣಶಿಲೆ ಬಂತು, ಮಂಟಪದ ಸೊಬಗೆಲ್ಲ ಕಂಬಗಳಿಗೆ ಸರಿಯಿತು.

ಅದೇ ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅವನ ದಂಡನಾಯಕ ಅಮೃತಾಪುರದಲ್ಲಿ ಕಟ್ಟಿಸಿದ ಮಂಟಪ ಮಾತ್ರ ಇಂದಿಗೂ ತೆರೆದೇ ಇದೆ. ಅದರ ಒರಗುಗಲ್ಲಿನ ಹೊರಮೈಯಲ್ಲಿ 140 ಫಲಕಗಳು: ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಭಾಗವತ ಮತ್ತು ಭಾರತ. ಪ್ರವಾಸಿಗರು ಹೊರಗೆ ಬಗ್ಗಿ ಬಗ್ಗಿ ರಾಮನನ್ನು ಹುಡುಕುತ್ತಿರುವಾಗ, ಒಳಗೆ ಊರಿನ ಇಬ್ಬರು ಅಜ್ಜಂದಿರು ಅದೇ ಕಲ್ಲಿಗೆ ಬೆನ್ನು ಕೊಟ್ಟು ಅಡಿಕೆ ಧಾರಣೆ ಮಾತಾಡುತ್ತಿದ್ದರು.