ರಾಜ್ಯದ ಬೊಕ್ಕಸವೂ ಪ್ರಜಾಸ್ವಾತಂತ್ರ್ಯದ ಮೇರೆಯೂ

ಪ್ರಜೆಗಳು ಮಾತನಾಡುವುದಕ್ಕೂ ಸಭೆ ಸೇರುವುದಕ್ಕೂ ತಮಗೆ ಸರಿದೋರಿದ ಧರ್ಮವನ್ನು ಆಚರಿಸುವುದಕ್ಕೂ ಉಳ್ಳ ಸ್ವಾತಂತ್ರ್ಯವು ಯಾವ ರಾಜ್ಯದಲ್ಲಿಯೂ ಮೇರೆಯಿಲ್ಲದೆ ಇದ್ದುದಿಲ್ಲ. ಅರಸೊತ್ತಿಗೆಯಿರಲಿ, ಪರಕೀಯರ ಆಳಿಕೆಯಿರಲಿ, ಪ್ರಜಾಪ್ರಭುತ್ವವೇ ಇರಲಿ, ಇಲ್ಲಿಯ ಪರ್ಯಂತ ಸಲ್ಲುವುದು, ಇದರಿಂದಾಚೆಗೆ ಸಲ್ಲದು ಎಂಬ ಗೆರೆಯೊಂದು ಎಲ್ಲೆಡೆಯಲ್ಲಿಯೂ ಇರುತ್ತದೆ. ಆ ಗೆರೆಯನ್ನು ಎಳೆಯುವವರು ಶಾಂತಿಪಾಲನೆ, ಧರ್ಮರಕ್ಷಣೆ, ರಾಜಭಕ್ತಿ ಮೊದಲಾದ ಕಾರಣಗಳನ್ನು ಹೇಳುವುದುಂಟು. ಆದರೆ ಕನ್ನಡನಾಡಿನ ಚರಿತ್ರೆಯನ್ನು ಸಾವಧಾನದಿಂದ ಪರಿಶೀಲಿಸಿದರೆ, ರಾಜ್ಯದ ಆದಾಯವು ಯಾವ ನೆಲೆಯ ಮೇಲೆ ನಿಂತಿರುವುದೋ ಆ ನೆಲೆಯ ಸಮೀಪದಲ್ಲಿಯೇ ಸ್ವಾತಂತ್ರ್ಯದ ಮೇರೆಕಲ್ಲೂ ಬಹುಮಟ್ಟಿಗೆ ನೆಡಲ್ಪಟ್ಟಿರುವುದು ಕಂಡುಬರುತ್ತದೆ. ಕಾಯಕವನ್ನೂ ದಾಸೋಹವನ್ನೂ ಧರ್ಮದ ಅಂಗಗಳೆಂದು ಎಣಿಸುವ ಶರಣಪರಂಪರೆಯವರಿಗೆ ಈ ವಿಚಾರವು ಹೊರಗಿನದಲ್ಲ.

ಕಲ್ಯಾಣದ ವೃತ್ತಾಂತವನ್ನೇ ಮೊದಲು ನೋಡಬಹುದು. 12ನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ಆಳಿಕೆಯಲ್ಲಿ ಬಸವಣ್ಣನವರು ಭಂಡಾರದ ಅಧಿಕಾರವನ್ನು ವಹಿಸಿದ್ದರು. ಮಡಿವಾಳರೂ ಅಂಬಿಗರೂ ಸಮಗಾರರೂ ಹಗ್ಗ ಹೊಸೆಯುವವರೂ ಒಂದೆಡೆ ಕೂಡಿ ಅನುಭಾವವನ್ನು ನುಡಿಯುವುದಕ್ಕೆ ಅರಸನು ಬಹುಕಾಲ ಅಡ್ಡಿಯಾಗಲಿಲ್ಲ. ಮಾತು ಮಾತಾಗಿಯೇ ಇದ್ದಷ್ಟು ದಿನ ಪ್ರಭುತ್ವವು ಸಹಿಸಿತು. ಸಂಪ್ರದಾಯವು ಹೇಳುವಂತೆ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಲಗ್ನವಾದಾಗ ಆ ಸಹನೆಯು ತೀರಿತು. ಆ ಇಬ್ಬರು ಶರಣರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಅಂದಿನ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ ಮುಂತಾಗಿ ಒಂದೊಂದು ವೃತ್ತಿಗೂ ಪ್ರತ್ಯೇಕ ತೆರೆಗಳು ಕಾಣುತ್ತವೆ. ಕುಲವು ವೃತ್ತಿಯನ್ನೂ ವೃತ್ತಿಯು ತೆರೆಯನ್ನೂ ಹಿಡಿದು ನಿಲ್ಲಿಸಿದ್ದ ಕಾಲದಲ್ಲಿ, ಕುಲಸಂಕರವೆಂಬುದು ಬರಿಯ ಆಚಾರಭಂಗವಾಗಿರದೆ ರಾಜ್ಯದ ಕಟ್ಟನ್ನೇ ಸಡಿಲಿಸುವ ಕಾರ್ಯವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ನುಡಿಯು ನಡೆಯಾದ ಸ್ಥಳದಲ್ಲಿ ಗೆರೆ ಬಿದ್ದಿತು.

ಆ ಬಳಿಕ ಸುಮಾರು ಏಳು ಶತಮಾನಗಳು ಕಳೆದ ಮೇಲೆ, ವೀರಶೈವ ಅರಸರಾದ ಕೆಳದಿಯ ನಾಯಕರು ಆಳಿದ್ದ ಸೀಮೆಯಲ್ಲಿಯೇ ಇನ್ನೊಂದು ನಿದರ್ಶನವು ದೊರೆಯುತ್ತದೆ. ಹೊಲಗದ್ದೆಗಳ ಹುಟ್ಟುವಳಿಯನ್ನು ಹಲವು ವರ್ಷ ಲೆಕ್ಕಹಾಕಿ ಕಂದಾಯವನ್ನು ನಿಶ್ಚಯಿಸಿದ ಶಿವಪ್ಪನಾಯಕನ ಶಿಸ್ತು ಇಂದಿಗೂ ಜನರ ಬಾಯಲ್ಲಿ ನಾಣ್ಣುಡಿಯಾಗಿ ಉಳಿದಿದೆ. 1763ರಲ್ಲಿ ಬಿದನೂರು ಹೈದರನ ವಶವಾಗಿ ನಗರವೆಂದು ಹೆಸರಾಂತಿತು. 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು ರಾಜ್ಯವು ಇಂಗ್ಲಿಷ್ ಕಂಪನಿಗೆ ವರ್ಷವೊಂದಕ್ಕೆ 7 ಲಕ್ಷ ಪಗೋಡಗಳ, ಎಂದರೆ ಸುಮಾರು 24½ ಲಕ್ಷ ರೂಪಾಯಿಗಳ, ಪೊಗದಿಯನ್ನು ಸಲ್ಲಿಸಬೇಕಾಯಿತು. ದಿವಾನ್ ಪೂರ್ಣಯ್ಯನವರು ತುಂಬಿಟ್ಟಿದ್ದ ಖಜಾನೆ ಬರಿದಾಗುತ್ತ ಬಂದ ಹಾಗೆಲ್ಲ ಅಮಲ್ದಾರರ ಮೇಲೆ ಬಿಗಿ ಹೆಚ್ಚಿತು. ಶರತ್ತು ಎಂಬ ಪದ್ಧತಿಯ ಪ್ರಕಾರ ಅಮಲ್ದಾರನು ಇಷ್ಟು ಹಣವನ್ನು ಕಟ್ಟುವೆನೆಂದು ಕರಾರು ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರನಾದರೂ ಎಲ್ಲಿಂದ ತಂದಾನು? ಆ ಭಾರವೆಲ್ಲ ರೈತನ ಕಣಜದ ಮೇಲೆಯೇ ಇಳಿಯಿತು.

1830ರಲ್ಲಿ ನಗರ ಸೀಮೆಯ ರೈತರು ಕಂದಾಯವನ್ನು ನಿಲ್ಲಿಸಿ ಗುಂಪುಗುಂಪಾಗಿ ನೆರೆಯತೊಡಗಿದರು. ಆ ನೆರವಿಗೆ ಕೂಟವೆಂದು ಹೆಸರು. ಒಂದು ಗ್ರಾಮದಿಂದ ಮತ್ತೊಂದಕ್ಕೆ ಓಲೆಗಳು ಹೋದವು. ಕೆಳದಿಯ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನೆಂಬವನು ಆ ಅಸಮಾಧಾನವನ್ನು ತನ್ನ ಹಕ್ಕುದಾರಿಕೆಗೆ ಬಳಸಿಕೊಂಡನು. ರೈತರು ಮೊದಲು ಬೇಡಿದುದು ತಮ್ಮ ದೂರಿನ ವಿಚಾರಣೆಯನ್ನು. ಆದರೆ ಕಂದಾಯದ ಗುತ್ತಿಗೆಯ ಮೇಲೆ ನಿಂತ ಆಡಳಿತಕ್ಕೆ ರೈತರ ಕೂಟವೇ ರಾಜದ್ರೋಹವಾಗಿ ಕಂಡಿತು; ದಂಡು ಬಂದಿತು, ಅನೇಕರು ಪ್ರಾಣ ಕಳೆದುಕೊಂಡರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯದ ಆಡಳಿತವನ್ನು ಒಡೆಯರ ಕೈಯಿಂದ ತೆಗೆದುಕೊಂಡನು. ಮುಂದೆ ಕಮೀಷನರುಗಳ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಆ ಸಂಖ್ಯೆಯೊಂದರಿಂದಲೇ ಹಿಂದಿನ ಹೊರೆ ಎಷ್ಟಿತ್ತೆಂಬುದನ್ನು ಊಹಿಸಬಹುದು. ಹೊರೆ ಇಳಿಯಿತು, ನಿಜ. ಆದರೆ ಆಳುವವರನ್ನು ಕೇಳುವ ಹಕ್ಕು ರೈತನಿಗೆ ಆಗಲೂ ಬರಲಿಲ್ಲ. ಅರಸನ ಅಪ್ಪಣೆಯ ಸ್ಥಾನದಲ್ಲಿ ಕಮೀಷನರ ಅಪ್ಪಣೆ ಬಂದಿತು, ಅಷ್ಟೆ.

ಕೇಳುವ ಹಕ್ಕಿನ ಮೊದಲ ಮೊಳಕೆ ಕಾಣಿಸಿಕೊಂಡುದು 1881ರಲ್ಲಿ. ರಾಜ್ಯವು ಒಡೆಯರಿಗೆ ಮರಳಿದ ಆ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಕೂಡಿಸಿದರು. ಭರತಖಂಡದ ದೇಶೀಯ ಸಂಸ್ಥಾನಗಳಿಗೆ ಇದು ಹೊಸ ಮಾರ್ಗವಾಗಿದ್ದಿತು. ಆದರೆ ಸಭೆಗೆ ಬಂದವರು ಬಹುಮಟ್ಟಿಗೆ ಜಮೀನುದಾರರೂ ವರ್ತಕರೂ ಆಗಿದ್ದರು. ಚುನಾವಣೆಯ ಪದ್ಧತಿ 1891ರಲ್ಲಿ ಬಂದಾಗಲೂ ಮತದಾನದ ಹಕ್ಕು ಆಸ್ತಿಯುಳ್ಳವರದೇ ಆಯಿತು. ಅವರು ಅಹವಾಲನ್ನು ಹೇಳಿಕೊಳ್ಳಬಹುದಾಗಿತ್ತು, ಅಪ್ಪಣೆಯನ್ನು ತಡೆಯಲಾಗುತ್ತಿರಲಿಲ್ಲ. ಸಭೆಯ ಹೊರಗೆ ಅದೇ ಅಹವಾಲನ್ನು ಪತ್ರಿಕೆಗಳು ಗಟ್ಟಿಯಾಗಿ ನುಡಿದಾಗ 1908ರಲ್ಲಿ ವೃತ್ತಪತ್ರಿಕೆಗಳ ಕಾನೂನು ಜಾರಿಗೆ ಬಂದಿತು. ಸರಕಾರದ ಪೂರ್ವಾನುಮತಿಯಿಲ್ಲದೆ ಪತ್ರಿಕೆಯನ್ನು ನಡೆಯಿಸುವಂತಿಲ್ಲವಾಯಿತು. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರಕಾರದ್ದೇ. ಜನರು ತಾತಯ್ಯನವರೆಂದು ಗೌರವದಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಹಂಗಿನ ಅನುಮತಿಗಿಂತ ಮೌನವೇ ಲೇಸೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು.

ಮೈಸೂರು ಮಾದರಿಯ ಸಂಸ್ಥಾನವೆಂದು ಹೆಸರು ಪಡೆದುದು ಸುಮ್ಮನಲ್ಲ. ಅಣೆಕಟ್ಟು, ಕಾರ್ಖಾನೆ, ವಿದ್ಯಾಶಾಲೆಗಳಿಂದ ಅದು ದೇಶಕ್ಕೆ ಮೇಲ್ಪಂಕ್ತಿಯಾಯಿತು. ಹೀಗಿದ್ದೂ ಅಲ್ಲಿಯ ಮೇರೆಕಲ್ಲು ಎಲ್ಲಿದ್ದಿತೆಂಬುದನ್ನು ಎರಡು ಪ್ರಸಂಗಗಳು ತೋರಿಸುತ್ತವೆ. ಕೋಲಾರದ ಚಿನ್ನದ ಗಣಿಗಳಿಂದ ಸಂಸ್ಥಾನಕ್ಕೆ ರಾಜಧನವು ಬರುತ್ತಿದ್ದಿತು. 1930ರಲ್ಲಿ ಅಲ್ಲಿಯ ಕೂಲಿಗಾರರ ಬೆರಳಚ್ಚುಗಳನ್ನು ಪಡೆದು ದಾಖಲೆ ಮಾಡುವ ಕಟ್ಟಳೆ ಬಂದಾಗ, ತಮ್ಮನ್ನು ಅಪರಾಧಿಗಳ ಪಂಕ್ತಿಯಲ್ಲಿ ನಿಲ್ಲಿಸುವುದೇಕೆಂದು ಸಾವಿರಾರು ಮಂದಿ ಮುಷ್ಕರ ಹೂಡಿದರು. ಎರಡನೆಯದು 1938ರ ಏಪ್ರಿಲ್ 25ರ ವಿದುರಾಶ್ವತ್ಥದ ಪ್ರಸಂಗ. ರಾಷ್ಟ್ರಧ್ವಜವನ್ನು ಹಾರಿಸಕೂಡದು, ಸಭೆ ಸೇರಕೂಡದು ಎಂಬ ನಿಷೇಧವನ್ನು ಮೀರಿ ನೆರೆದ ಗ್ರಾಮಸ್ಥರ ಮೇಲೆ ಗುಂಡು ಹಾರಿಸಲಾಯಿತು. ಮಡಿದವರೆಷ್ಟು ಮಂದಿ ಎಂಬುದರಲ್ಲಿ ಸರಕಾರದ ಎಣಿಕೆಗೂ ಜನರ ಎಣಿಕೆಗೂ ಬಹಳ ಅಂತರವಿದ್ದಿತು. ಆ ರಕ್ತಪಾತದ ತರುವಾಯವೇ ಸರದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನು ಹಾರಿಸುವ ಅವಕಾಶ ದೊರೆಯಿತು. ಜವಾಬ್ದಾರಿ ಸರಕಾರವಾದರೋ 1947ರ ಚಳವಳಿಯ ಬಳಿಕವೇ ಬಂದಿತು.

ತುಂಗಭದ್ರೆಯ ಆಚೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರು ಹೈದರಾಬಾದಿನ ನಿಜಾಮರ ಆಳಿಕೆಗೆ ಒಳಪಟ್ಟಿದ್ದರು. ಆ ರಾಜ್ಯದ ನೆಲದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಜಹಗೀರುಗಳಿಗೂ ನಿಜಾಮರ ಸ್ವಂತದ ಸರ್ಫ್‌-ಎ-ಖಾಸಿಗೂ ಸೇರಿದ್ದಿತು. ದೊಡ್ಡ ಜಹಗೀರುಗಳಲ್ಲಿ ಕಂದಾಯವನ್ನು ಎತ್ತುವವನೇ ನ್ಯಾಯವನ್ನೂ ಹೇಳುವವನಾಗಿದ್ದನು, ಬಿಟ್ಟಿದುಡಿಮೆ ವಾಡಿಕೆಯಾಗಿದ್ದಿತು. ಇಂತಹ ಏರ್ಪಾಡು ಮಾತಿಗೆ ಅಂಜುವುದು ಸಹಜ. 1920ರ ದಶಕದಲ್ಲಿ ಹೊರಟ ಗಸ್ತಿ ನಿಶಾನ್ 53 ಎಂಬ ಆಜ್ಞೆಯ ಪ್ರಕಾರ ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಸಭೆಯನ್ನು ಕೂಡಿಸುವಂತಿರಲಿಲ್ಲ. ಖಾಸಗಿ ಪಾಠಶಾಲೆಯನ್ನು ತೆರೆಯುವುದಕ್ಕೂ ಅಪ್ಪಣೆ ಬೇಕಾಗಿದ್ದಿತು. ಮಠದ ಜಗಲಿಯ ಮೇಲೆ ನಾಲ್ಕು ಮಕ್ಕಳಿಗೆ ಕನ್ನಡದ ಓಂಕಾರವನ್ನು ತಿದ್ದಿಸುವ ಕಾರ್ಯವೂ ಅಲ್ಲಿ ಸರಕಾರದ ಶಂಕೆಗೆ ಗುರಿಯಾಗಬಹುದಾಗಿದ್ದಿತು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ವಿಧಿವತ್ತಾಗಿ ಸ್ಥಾಪನೆಯಾಗುವುದಕ್ಕೆ ಮುನ್ನವೇ ನಿಷೇಧಕ್ಕೆ ಒಳಗಾಯಿತು. ಅದೇ ವರ್ಷ ಧರ್ಮಾಚರಣೆಯ ಸ್ವಾತಂತ್ರ್ಯಕ್ಕಾಗಿ ಆರ್ಯಸಮಾಜದವರೂ ಸತ್ಯಾಗ್ರಹ ಹೂಡಿದರು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಸೆರೆಮನೆಯಿಂದ ಸೆರೆಮನೆಗೆ ನಡೆದು ಚಳವಳಿಯನ್ನು ನಡೆಯಿಸಿದರು. ರಜಾಕಾರರ ಹಾವಳಿಯನ್ನು ಖಂಡಿಸಿ ಬರೆದ ಉರ್ದು ಪತ್ರಿಕಾಕರ್ತ ಶೋಯೆಬುಲ್ಲಾ ಖಾನರು 1948ರ ಆಗಸ್ಟ್ ತಿಂಗಳಲ್ಲಿ ಕೊಲ್ಲಲ್ಪಟ್ಟರು. ಸತ್ಯವನ್ನು ನುಡಿದುದಕ್ಕೆ ಪ್ರಾಣ ತೆತ್ತವರಲ್ಲಿ ಮತಭೇದವಿರಲಿಲ್ಲವೆಂಬುದನ್ನು ಸದ್ಭಕ್ತರು ನೆನೆಯಬೇಕು. 1948ರ ಸೆಪ್ಟೆಂಬರ್ 17ರಂದು ಆ ಆಳಿಕೆ ಕೊನೆಗೊಂಡಿತು. ಮರುವರ್ಷ ಜಹಗೀರುಗಳೂ ರದ್ದಾದವು. ನಾಲಗೆಯ ಕಟ್ಟೂ ನೆಲದ ಕಟ್ಟೂ ಹೀಗೆ ಹೆಚ್ಚುಕಡಿಮೆ ಒಟ್ಟಿಗೆ ಬಿಚ್ಚಿದವು.

1950ರ ಜನವರಿ 26ರಂದು ಭಾರತದ ಸಂವಿಧಾನವು ಜಾರಿಗೆ ಬಂದು, ಮಾತು, ಸಭೆ, ಸಂಘ, ಸಂಚಾರ, ವೃತ್ತಿಗಳ ಸ್ವಾತಂತ್ರ್ಯವನ್ನು 19ನೆಯ ಅನುಚ್ಛೇದದಲ್ಲಿಯೂ ಧರ್ಮಾಚರಣೆಯ ಸ್ವಾತಂತ್ರ್ಯವನ್ನು 25ನೆಯದರಲ್ಲಿಯೂ ಹೇಳಿತು. ಆದರೆ ಒಂದೂವರೆ ವರ್ಷದೊಳಗೆ, 1951ರ ಜೂನ್ ತಿಂಗಳಲ್ಲಿ, ಮೊದಲನೆಯ ತಿದ್ದುಪಡಿ ಬಂದಿತು. ಅದು ಒಂದು ಕೈಯಿಂದ ಜಮೀನುದಾರಿಯನ್ನು ತೆಗೆಯುವ ಕಾನೂನುಗಳಿಗೆ ನ್ಯಾಯಾಲಯಗಳಿಂದ ರಕ್ಷಣೆ ಕೊಟ್ಟಿತು. ಮತ್ತೊಂದು ಕೈಯಿಂದ ಮಾತಿನ ಮೇಲೆ ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನ ನಿರ್ಬಂಧಕ್ಕೆ ಎಡೆಮಾಡಿತು. ನಿರ್ಬಂಧವು ಯುಕ್ತವಾಗಿರಬೇಕೆಂಬ ಮಾತನ್ನೂ ಆ ತಿದ್ದುಪಡಿಯೇ ಸೇರಿಸಿತು. ಅನ್ನದ ಪ್ರಶ್ನೆಯೂ ಅಭಿಪ್ರಾಯದ ಪ್ರಶ್ನೆಯೂ ಒಂದೇ ಕಾನೂನಿನಲ್ಲಿ ಕೂಡಿದುದನ್ನು ಇಲ್ಲಿ ಗಮನಿಸತಕ್ಕದ್ದು.

ಈ ಎರಡು ಪ್ರಶ್ನೆಗಳ ನಿಜವಾದ ಒರೆಗಲ್ಲು ಕರ್ನಾಟಕದಲ್ಲಿ 1975ರಿಂದ 1977ರ ವರೆಗಿನ ಕಾಲ. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಭೂನ್ಯಾಯಮಂಡಳಿಗಳ ಮೂಲಕ ಉಳುವವರಿಗೆ ದೊರೆಯತೊಡಗಿದವು. ತಲೆತಲಾಂತರದಿಂದ ಒಡೆಯನ ಮುಂದೆ ಕೈಕಟ್ಟಿ ನಿಂತವನು ತನ್ನ ಹೆಸರಿನ ಪಹಣಿಯನ್ನು ಕಂಡನು. ಇದೇ ದಿನಗಳಲ್ಲಿ, 1975ರ ಜೂನ್ 25ರಂದು ಘೋಷಿತವಾದ ತುರ್ತುಪರಿಸ್ಥಿತಿಯಿಂದ ದೇಶದ ಪತ್ರಿಕೆಗಳಿಗೆ ಮುದ್ರಣಪೂರ್ವ ಪರಿಶೀಲನೆ ಬಂದಿತು. ವಿಚಾರಣೆಯಿಲ್ಲದೆ ಸಾವಿರಾರು ಜನರು ಸೆರೆಯಾದರು. ಬೆಂಗಳೂರಿನ ಸೆರೆಮನೆಯಲ್ಲಿ ಆರೋಗ್ಯವನ್ನು ಕಳೆದುಕೊಂಡ ಕಲಾವಿದೆ ಸ್ನೇಹಲತಾ ರೆಡ್ಡಿಯವರು 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಂಧಿತರು ನ್ಯಾಯಾಲಯದ ಬಾಗಿಲನ್ನು ತಟ್ಟಬಹುದೆಂದು ಕರ್ನಾಟಕದ್ದೂ ಸೇರಿದಂತೆ ಹಲವು ಹೈಕೋರ್ಟುಗಳು ಹೇಳಿದುದನ್ನು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಾಭಿಪ್ರಾಯವನ್ನು ಬರೆದರು.

ಉಳುವವನಿಗೆ ನೆಲ ದೊರೆಯಿತಲ್ಲವೆ, ಮಾತಿಗೆ ಬೀಗ ಬಿದ್ದರೇನು ಎಂದು ಕೇಳುವವರು ಅಂದೂ ಇದ್ದರು. ಆದರೆ ನೆಲವನ್ನು ಕೊಟ್ಟ ಕಾನೂನಿಗೆ ಸೆರೆಮನೆಯ ನೆರವು ಬೇಕಾಗಿರಲಿಲ್ಲ. ತುರ್ತುಪರಿಸ್ಥಿತಿಗಿಂತ ಮೊದಲೇ ಅದು ಶಾಸನಸಭೆಯಲ್ಲಿ ಚರ್ಚೆಯಾಗಿ ಬಂದಿದ್ದಿತು. ಬಾಯಿ ಕಟ್ಟಿದ ರಾಜ್ಯದಲ್ಲಿ ಮಂಡಳಿಯ ತಪ್ಪು ತೀರ್ಪನ್ನಾಗಲಿ ಅಧಿಕಾರಿಯ ಲಂಚವನ್ನಾಗಲಿ ಆ ರೈತನು ಯಾರ ಮುಂದೆ ಹೇಳಿಯಾನು? ಅದರಂತೆಯೇ, ನಾಲಗೆಗೆ ಪೂರ್ಣ ಸ್ವಾತಂತ್ರ್ಯವಿದ್ದರೂ ನಾಳೆಯ ಕೂಳಿಗೆ ಒಡೆಯನ ಕೈ ನೋಡುವವನು ಒಡೆಯನ ವಿರುದ್ಧ ಸಾಕ್ಷಿ ನುಡಿದಾನೆ? ಒಂದಿಲ್ಲದೆ ಮತ್ತೊಂದು ನಿಲ್ಲಲಾರದು. 1978ರ 44ನೆಯ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು, ಜೀವದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದಂತೆ ಮಾಡಿತು. ಮೇರೆಕಲ್ಲನ್ನು ಆಸ್ತಿಯ ಪಕ್ಕದಿಂದ ಕಿತ್ತು ಮನುಷ್ಯನ ಪಕ್ಕದಲ್ಲಿ ನೆಟ್ಟ ಕಾರ್ಯವಿದು. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ರದ್ದುಗೊಳಿಸಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ವ್ಯವಸ್ಥೆಗಾಗಿ ಬೆರಳಚ್ಚು ಮುಂತಾದ ಗುರುತುಗಳನ್ನು ಪಡೆಯುವುದರ ಪ್ರಶ್ನೆಯೇ ಆ ಮೊಕದ್ದಮೆಗೆ ಮೂಲವಾಗಿದ್ದಿತು. ಕೋಲಾರದ ಕೂಲಿಗಾರರು 1930ರಲ್ಲಿ ಕೇಳಿದ ಮಾತು ದೇಶದ ಅತ್ಯುನ್ನತ ನ್ಯಾಯಪೀಠದ ಮುಂದೆ ಪುನಃ ಬಂದಂತಾಯಿತು.

ಮಠಮಾನ್ಯಗಳೂ ಈ ಚರಿತ್ರೆಯ ಹೊರಗೆ ನಿಂತವಲ್ಲ. ಅರಸರೂ ನಾಯಕರೂ ಉಂಬಳಿಯಾಗಿ ಬಿಟ್ಟ ಭೂಮಿಗಳಿಂದ ಅನ್ನದಾಸೋಹ ನಡೆದುದು ಎಷ್ಟು ಸತ್ಯವೋ, ಆ ಭೂಮಿಗಳನ್ನು ಉಳುವವನು ಮಠದ ಪಾರುಪತ್ಯಗಾರನ ಮುಂದೆ ತನ್ನ ಕಷ್ಟವನ್ನು ಎದೆಬಿಚ್ಚಿ ಹೇಳಲಾರದೆ ಗೇಣಿ ಅಳೆದುದೂ ಅನೇಕ ಕಡೆಗಳಲ್ಲಿ ಅಷ್ಟೇ ಸತ್ಯ. ಮೈಸೂರಿನಲ್ಲಿ 1955ರ ಧಾರ್ಮಿಕ ಇನಾಮು ರದ್ದಿಯಾತಿ ಕಾನೂನೂ 1974ರ ಭೂಸುಧಾರಣೆಯೂ ಬಂದಾಗ ದಾಸೋಹವು ನಿಂತೇಹೋಗುವುದೆಂದು ಹಲವರು ಕಳವಳಪಟ್ಟರು. ದಾಸೋಹ ನಿಲ್ಲಲಿಲ್ಲ. ಹಿಂದೆ ಗೇಣಿಯೆಂದು ಅಳೆಯಲ್ಪಡುತ್ತಿದ್ದ ಕಾಳು ಇಂದು ಭಕ್ತನ ಮನೆಯಿಂದ ಕಾಣಿಕೆಯಾಗಿ ಬರುತ್ತಿದೆ. ಅಳತೆಯ ಕೊಳಗ ಅದೇ ಇರಬಹುದು. ಕೊಡುವವನು ಈಗ ತಲೆಯೆತ್ತಿ ಕೊಡುತ್ತಾನೆ, ಬೇಡವೆಂದು ತೋರಿದರೆ ಕೊಡದೆಯೂ ಇರಬಲ್ಲನು. ಕಾಯಕದಿಂದ ಬಂದುದನ್ನು ಒಲಿದು ಸಲ್ಲಿಸಿದಾಗಲೇ ಅದು ದಾಸೋಹವೆಂದು ಶರಣರು ತೋರಿದ ಮಾರ್ಗವು ಹೀಗೆ ಕಾನೂನಿನ ನಿಮಿತ್ತದಿಂದ ಮರಳಿ ತೆರೆಯಿತೆಂದರೆ ತಪ್ಪಾಗಲಾರದು. ಈ ಮಹೋತ್ಸವಕ್ಕೆ ಹೊರೆಕಾಣಿಕೆ ಹೊತ್ತು ಬರುವ ಪ್ರತಿಯೊಬ್ಬ ಭಕ್ತನಿಗೂ ಮಠದ ಲೆಕ್ಕವನ್ನು ಕೇಳುವ ಹಕ್ಕುಂಟು. ಅವನು ಕೇಳಿದಾಗ ಮುನಿಯದೆ ಉತ್ತರ ಹೇಳುವುದು ಮಠದ ಧರ್ಮ.